ಫೇಲ್ ಆದ ಬೋರ್‌ವೆಲ್‌ಗೆ ಬಿಸಿನೀರು ಬಿಟ್ಟರೆ?

"ಈ ಬಿಸಿನೀರನ್ನೆಲ್ಲ ಆ ಫೇಲ್ ಆದ ಬೋರ್‌ವೆಲ್‌ಗೆ ಬಿಟ್ಟರೆ ಏನಾಗುತ್ತೋ?" ಅಂತ ಮಾವ ಕೇಳಿದರು. ಯಾರೂ ನಗಲಿಲ್ಲ. ಶಿಡ್ಲಘಟ್ಟದಲ್ಲಿ ಸೌದೆ ಖರ್ಚಿನ ಮಾತಿಗೆ ಯಾರೂ ನಗೋದಿಲ್ಲ.

ಮಾವನದು ರೇಷ್ಮೆ ನೂಲು ತೆಗೆಯುವ ಸಣ್ಣ ಘಟಕ. ಗೂಡು ಬೇಯಿಸೋಕೆ ಬಾಯ್ಲರ್ ಉರೀತಾನೇ ಇರಬೇಕು. ಬೇಸಿನ್‌ನಿಂದ ಬಿಟ್ಟ ನೀರು ಹಬೆಯಾಡುತ್ತಾ ಚರಂಡಿ ಸೇರುತ್ತೆ. (ವಾಸನೆಯ ಮಾತು ಬೇಡ ಬಿಡಿ.) ಹಿತ್ತಲಲ್ಲಿ ಸಾವಿರ ಅಡಿ ಕೊರೆಸಿದರೂ ನೀರು ಸಿಗದ ಬೋರ್ ಇದೆ. ಸ್ವೀಡನ್‌ನಿಂದ ರಜೆಗೆ ಬಂದಿದ್ದ ಅವರ ಮಗ, ಅಲ್ಲಿ ಬೇಸಿಗೆಯ ಶಾಖವನ್ನು ನೆಲದಲ್ಲಿ ಕೂಡಿಟ್ಟು ಚಳಿಗಾಲದಲ್ಲಿ ತೆಗೀತಾರೆ ಅಂದಿದ್ದ.

"ಒಂದೇ ಬೋರ್ ಸಾಲದು ಅಪ್ಪಾ," ಅಂದ. ಎಮ್ಮಾಬೋಡಾ ಅನ್ನೋ ಊರಿನ ಪಂಪ್ ಕಾರ್ಖಾನೆಯಲ್ಲಿ ಎರಕದ ಕುಲುಮೆಯ ಶಾಖ ಇಡೋಕೆ 140 ಬೋರ್ ಕೊರೆದಿದ್ದಾರಂತೆ, ಒಂದೊಂದೂ 150 ಮೀಟರ್ ಆಳ. ಕೆನಡಾದ ಒಕೊಟೋಕ್ಸ್‌ನಲ್ಲಿ ಬಿಸಿಲಿನ ಶಾಖಕ್ಕೆ 144 ಬೋರ್. ಅದರಿಂದ 2007ರಿಂದ 2024ರವರೆಗೆ 52 ಮನೆ ಬೆಚ್ಚಗಿದ್ದವು. ಬಿಸಿನೀರನ್ನು ಬೋರಿಗೆ ಸುರಿಯೋದಿಲ್ಲ. ಒಳಗೆ ಇಳಿದು ಮೇಲೆ ಬರುವ ಪೈಪಿನಲ್ಲಿ ಹರಿಸ್ತಾರೆ, ಸುತ್ತಲಿನ ಬಂಡೆ ಕಾಯುತ್ತೆ. ಚಳಿಗಾಲದಲ್ಲಿ ಅದೇ ಪೈಪಿನಲ್ಲಿ ತಣ್ಣೀರು ಹರಿಸಿ ಆ ಶಾಖ ತೆಗೀತಾರೆ.

ಅಷ್ಟೊಂದು ಬೋರ್ ಯಾಕೆ? ನನಗೆ ಹಿಡಿಸಿದ್ದು ಈ ಭಾಗವೇ. ಬಂಡೆಯಲ್ಲಿ ಶಾಖ ತುಂಬಾ ನಿಧಾನವಾಗಿ ಸಾಗುತ್ತೆ, ಆದರೆ ಅಂಚಿನಿಂದ ಸೋರುತ್ತಲೇ ಇರುತ್ತೆ. ಒಂಟಿ ಬೋರ್ ಅಂದರೆ ಸುತ್ತಲೂ ಅಂಚೇ. ಲೋಟದ ಕಾಫಿ ಬೇಗ ಆರುತ್ತೆ, ಹಂಡೆ ನೀರು ಬೆಳಗಿನವರೆಗೂ ಬೆಚ್ಚಗಿರುತ್ತೆ, ಅಲ್ವಾ? ಒತ್ತೊತ್ತಾಗಿ ನೂರಾರು ಬೋರ್ ಇದ್ದರೆ ನಡುವಿನ ಬಂಡೆಯೇ ಹಂಡೆ. ಅದೂ ಸರಿಯಾಗಿ ಕಾಯೋಕೆ ಕೆಲವು ವರ್ಷ ಬೇಕು.

ಫಿನ್ಲೆಂಡ್‌ನ ಹೆಲ್ಸಿಂಕಿಯಲ್ಲಿ ಕಂಪ್ಯೂಟರ್ ಕೇಂದ್ರಗಳ ಶಾಖವೂ ಪೈಪಿನಲ್ಲಿ ಅಪಾರ್ಟ್‌ಮೆಂಟ್‌ಗಳಿಗೆ ಹೋಗುತ್ತಂತೆ. ಅಲ್ಲಿ ಊರಿಗೆಲ್ಲ ಬಿಸಿನೀರಿನ ಪೈಪು ಮೊದಲೇ ಇದೆ, ಚಳಿಯೂ ತಿಂಗಳುಗಟ್ಟಲೆ.

ನಮಗೆ ಬಿಸಿ ಬೇಕಾಗಿರೋದು ಆರು ತಿಂಗಳ ನಂತರ ಅಲ್ಲ, ಅರ್ಧ ಗಂಟೆಯ ನಂತರ. ಹಾಗಿದ್ದ ಮೇಲೆ ನೆಲದಲ್ಲಿ ಯಾಕೆ ಇಡಬೇಕು? ಚರಂಡಿಗೆ ಹೋಗುವ ನೀರಿನ ತೊಟ್ಟಿಯಲ್ಲಿ ಪೈಪಿನ ಸುರುಳಿ ಇಟ್ಟು, ಬಾಯ್ಲರ್‌ಗೆ ಹೋಗೋ ತಣ್ಣೀರನ್ನು ಅದರೊಳಗೆ ಹರಿಸಿದರೆ ಸೌದೆ ಸ್ವಲ್ಪ ಉಳಿಯುತ್ತೆ ಅಂದೆ. ಮಾವ ಕೂಡಲೇ ಪ್ಲಂಬರ್‌ಗೆ ಫೋನ್ ಹಚ್ಚಿದರು. ಅವನು ಎಲ್ಲ ಕೇಳಿಸಿಕೊಂಡು, "ಸಾರ್, ಆ ನೀರಲ್ಲಿ ಹುಳದ ಜಿಡ್ಡು ಜಾಸ್ತಿ. ಸುರುಳಿ ಮೇಲೆ ಕಟ್ಟಿಕೊಂಡರೆ ಬಿಸಿ ದಾಟಲ್ಲ. ವಾರವಾರ ಯಾರು ಉಜ್ಜುತ್ತಾರೆ?" ಅಂದ.