ಹೂಂ ಅಜ್ಜಿ ಅಂದುಬಿಟ್ಟೆ

ಸೋಮವಾರದಿಂದ ಓದಲು ಕೂತರೆ ಸಾಕು, ಆ ಅಜ್ಜಿಯ ಮುಖವೇ ಕಣ್ಣ ಮುಂದೆ ಬರುತ್ತದೆ.

ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಲಾ ಸೀಟಿನ ಅರ್ಜಿ ಹಾಕುವ ಮೊದಲೇ ಸರಿಮಾಡಿಕೊಳ್ಳೋಣ ಅಂತ ಅಫಿಡವಿಟ್ ಮಾಡಿಸಲು ಕೋರ್ಟಿನ ಹತ್ತಿರ ಹೋಗಿದ್ದೆ. ನೋಟರಿ ಮೇಜಿನ ಪಕ್ಕದ ಬೆಂಚಿನಲ್ಲಿ ಅಜ್ಜಿ ಕೂತಿದ್ದರು. ಕೈಯಲ್ಲಿ ಇಂಗ್ಲಿಷ್‌ನಲ್ಲಿದ್ದ ತೀರ್ಪಿನ ನಕಲು. ಅಣ್ಣತಮ್ಮಂದಿರ ಮೇಲೆ ಹಾಕಿದ್ದ ಪಾಲಿನ ಕೇಸು. ವಕೀಲರು "ಗೆದ್ದಿದೀವಿ" ಅಂತ ಹೇಳಿ ಹೊರಟುಬಿಟ್ಟರಂತೆ. ಇನ್ನೆರಡು ನಿಮಿಷ ನಿಂತಿದ್ದರೆ ಅವರ ಗಂಟೇನು ಹೋಗುತ್ತಿತ್ತು?

"ಓದಿದೀಯಲ್ಲವ್ವ, ನಂಗೆ ಪಾಲು ಐತಾ ನೋಡು."

ಕೊನೆಯ ಪುಟ ನೋಡಿದೆ. ಮೂರರಲ್ಲಿ ಒಂದು ಪಾಲು. ಹೇಳಿದೆ. ಅಜ್ಜಿಯ ಕಣ್ಣು ತುಂಬಿತು.

"ಹಂಗಾದ್ರೆ ನಾಳೆ ಹೋಗಿ ನನ್ನ ಹೊಲಕ್ಕೆ ನೇಗಿಲು ಹೂಡ್ಬೋದಾ?"

"ಹೂಂ ಅಜ್ಜಿ" ಅಂದೆ.

ರಾತ್ರಿ ಯಾಕೋ ಅನುಮಾನ ಬಂತು. ಹುಡುಕಿ ಓದಿದೆ. ಅಜ್ಜಿಯ ಕೈಯಲ್ಲಿದ್ದದ್ದು ಪ್ರಾಥಮಿಕ ಡಿಕ್ರಿ, ಅಂದರೆ ಕೋರ್ಟಿನ ಮೊದಲ ಹಂತದ ತೀರ್ಪು. ಯಾರಿಗೆ ಎಷ್ಟು ಪಾಲು ಅಂತ ಮಾತ್ರ ಅದು ಹೇಳುತ್ತದೆ. ಹೊಲ ಅಳೆದು, ಯಾರ ಭಾಗ ಎಲ್ಲಿ ಅಂತ ಗುರುತಿಸಬೇಕು. ಆಮೇಲೆ ಸ್ವಾಧೀನ. ಇದಕ್ಕೆ ಬೇರೆ ಅರ್ಜಿ ಬರಲಿ ಅಂತ ಕಾಯದೆ ಕೋರ್ಟೇ ಮುಂದುವರಿಸಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಮರುದಿನವೇ ನೇಗಿಲು ಹೂಡುವಂತಿಲ್ಲ.

ಬಿಎಸ್ಸಿ ಮುಗಿಸಿ ಮನೆಯಲ್ಲೇ ಕೂತು ಓದುತ್ತಿದ್ದೇನೆ. ಬೆಂಗಳೂರಿನ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನವರು 2022ರಲ್ಲಿ ಡಿಗ್ರಿ ಆದವರಿಗೂ ಮೂರು ವರ್ಷದ ಎಲ್‌ಎಲ್‌ಬಿ ಶುರು ಮಾಡಿದರಲ್ಲ, ಅದರ ಪ್ರವೇಶ ಪರೀಕ್ಷೆಗೆ. ಎನ್‌ಎಲ್‌ಸ್ಯಾಟ್. ಟಿಕ್ ಮಾಡುವುದಕ್ಕೆ 75 ಅಂಕ, ಬರೆಯುವುದಕ್ಕೆ 75, ಎರಡೂವರೆ ಗಂಟೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಅನ್ನುವ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ, ಅದನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು ಎಲ್ಲ ನನಗೆ ಬಾಯಿಪಾಠ. ಆದರೆ ಪಾಲು ಸಿಕ್ಕ ಹೆಂಗಸು ಹೊಲಕ್ಕೆ ಕಾಲಿಡುವುದು ಯಾವಾಗ ಅಂತ ಗೊತ್ತಿರಲಿಲ್ಲ.

ಟಿಕ್ ಮಾಡುವ ಭಾಗದಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಅದಕ್ಕೇ ಗೊತ್ತಿಲ್ಲದ್ದನ್ನು ಬಿಟ್ಟು ಮುಂದೆ ಹೋಗುವುದನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೇನೆ. ಅಜ್ಜಿಯ ಮುಂದೆ ಅದು ಯಾಕೆ ಆಗಲಿಲ್ಲ? ಅವರು ಅಷ್ಟು ಆಸೆಯಿಂದ ನೋಡುತ್ತಿದ್ದರು. "ಗೊತ್ತಿಲ್ಲ ಅಜ್ಜಿ" ಅನ್ನಲು ಬಾಯಿ ಬರಲಿಲ್ಲ. ನನ್ನ ಮಾತು ನಂಬಿ ಎತ್ತು ಹೊಡೆದುಕೊಂಡು ಹೋಗಿ, ಅಣ್ಣತಮ್ಮಂದಿರ ಜೊತೆ ಜಗಳವಾದರೆ? ಈ ವಯಸ್ಸಿನಲ್ಲಿ ಯಾರಾದರೂ ಕೈ ಮಾಡಿದರೆ?

ಅಪ್ಪನಿಗೆ ಹೇಳಿದೆ. "ವಕೀಲರು ಹೇಳ್ತಾರೆ ಬಿಡು, ನೀನ್ಯಾಕೆ ತಲೆ ಕೆಡಿಸ್ಕೋತೀಯ" ಅಂದರು. ಅಪ್ಪ ಒಳ್ಳೆಯವರೇ. ಆದರೆ ಬೆಂಚಿನಲ್ಲಿ ಒಬ್ಬರೇ ಕೂತಿದ್ದ ಅಜ್ಜಿಯನ್ನು ಅವರು ನೋಡಿಲ್ಲ.

ನಿನ್ನೆ ಮತ್ತೆ ಹೋಗಿದ್ದೆ. ಅಜ್ಜಿಯ ಊರು ಯಾವುದು ಅಂತ ಟೈಪಿಸ್ಟ್ ಅಣ್ಣನಿಗೆ ಗೊತ್ತಿಲ್ಲ. ಆದರೂ ಕೈಯಲ್ಲಿದ್ದ ಕೆಲಸ ಬಿಟ್ಟು ನಾಲ್ಕು ಜನರನ್ನು ಕೇಳಿದರು. ಸೋಮವಾರ ಸಂತೆಗೆ ಬಂದಾಗ ಅಜ್ಜಿ ಇಲ್ಲೇ ಕೂತು ಸುಧಾರಿಸಿಕೊಂಡು ಹೋಗುತ್ತಾರಂತೆ.

ಬರುವ ಸೋಮವಾರ ಬೆಳಿಗ್ಗೆ ನನಗೆ ಮಾಕ್ ಟೆಸ್ಟ್ ಇತ್ತು. ಸಂಜೆಗೆ ಹಾಕಿಕೊಂಡಿದ್ದೇನೆ.