ಗುಹೆಯಲ್ಲಿ ಕುಡಿದ ಸಾರು

1983ರ ನವೆಂಬರ್ 14, ಸೋಮವಾರ. ಮಕ್ಕಳ ದಿನಾಚರಣೆಗೆಂದು ನಾವು ಎಂಟನೆಯ ತರಗತಿಯವರು ನೆಹರೂ ಭಾವಚಿತ್ರಕ್ಕೆ ಸೇವಂತಿಗೆ ಮಾಲೆ ಕಟ್ಟಿಟ್ಟು ಕಾಯುತ್ತಿದ್ದೆವು. ಪ್ರಾರ್ಥನೆ ಮುಗಿದ ಕೂಡಲೇ ಕನ್ನಡ ಪಾಠದ ಸಿಸ್ಟರ್ ಮುಂದೆ ಬಂದರು. ನಮ್ಮ ಮಂಗಳೂರಿನಲ್ಲಿ ಎರಡು ವರ್ಷ ಬಾಳಿದ ಸನ್ಯಾಸಿನಿ ಸಹೋದರಿಯೊಬ್ಬರನ್ನು ನಿನ್ನೆ ರೋಮಿನಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಪುನೀತೆಯೆಂದು, ಅಂದರೆ ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗೆ, ಘೋಷಿಸಿದರು ಎಂದು ಹೇಳುವಾಗ ಅವರ ಕಣ್ಣು ತುಂಬಿತ್ತು. ಮರಿಯಂ ಬವಾರ್ದಿ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಅಂದು.

ನಾನು ಪುತ್ತೂರಿನ ಕಡೆಯವಳು. ಆರು ವರ್ಷದವಳಿದ್ದಾಗ ಅಮ್ಮ ತೀರಿಕೊಂಡರು. ಚಿಕ್ಕಮ್ಮನ ಮನೆಯಿಂದ ಹಾಸ್ಟೆಲಿಗೆ ಬಂದು ಸೇರಿದ್ದೆ. ಆ ಸಂಜೆ ಹಾಸ್ಟೆಲಿನ ಜಗಲಿಯಲ್ಲಿ ಸಿಸ್ಟರ್ ನಮಗೆ ಪೂರ್ತಿ ಕಥೆ ಹೇಳಿದರು. ಪ್ಯಾಲೆಸ್ತೀನಿನ ಗಲಿಲಾಯದ ಇಬಿಲ್ಲಿನ್ ಎಂಬ ಹಳ್ಳಿ. ಹನ್ನೆರಡು ಗಂಡುಮಕ್ಕಳನ್ನು ಎಳವೆಯಲ್ಲೇ ಕಳೆದುಕೊಂಡ ದಂಪತಿ ಬೆತ್ಲೆಹೇಮಿಗೆ ನಡೆದುಹೋಗಿ ಮಾತೆ ಮರಿಯಮ್ಮನಲ್ಲಿ ಹರಕೆ ಹೊತ್ತರು. 1846ರ ಜನವರಿ 5ರಂದು ಹೆಣ್ಣುಮಗು ಹುಟ್ಟಿತು. ಆ ಮಗುವಿಗೆ ಮೂರು ತುಂಬುವ ಮೊದಲೇ ತಂದೆ ತಾಯಿ ಇಬ್ಬರೂ ಇಲ್ಲವಾದರು. ಮಗಳು ತಂದೆಯ ಸಹೋದರನ ಮನೆಗೆ, ತಮ್ಮ ಬೌಲೊಸ್ ತಾಯಿಯ ಕಡೆಯವರ ಮನೆಗೆ. ಅಲ್ಲಿಗೆ ಬರುವಷ್ಟರಲ್ಲಿ ನಾನು ಸಿಸ್ಟರ ಮುಖ ನೋಡುವುದನ್ನು ಬಿಟ್ಟು ನೆಲ ನೋಡುತ್ತಿದ್ದೆ.

ಆ ಮನೆಯವರು ಈಜಿಪ್ಟಿನ ಅಲೆಕ್ಸಾಂಡ್ರಿಯಕ್ಕೆ ಹೋಗಿ ನೆಲೆಸಿ, ಅಲ್ಲಿ ಮದುವೆ ಗೊತ್ತುಮಾಡಿದಾಗ ಹುಡುಗಿ ಒಪ್ಪದೆ ತನ್ನ ಕೂದಲನ್ನು ಕತ್ತರಿಸಿಕೊಂಡಳು. ತಮ್ಮನಿಗೆ ಪತ್ರ ಕಳಿಸಬೇಕೆಂದು ಹೋದ ಮನೆಯಲ್ಲಿ, ತನ್ನ ಧರ್ಮ ಬಿಡಲಾರೆನೆಂದದ್ದಕ್ಕೆ ಒಬ್ಬ ಅವಳ ಕುತ್ತಿಗೆಯನ್ನೇ ಕೊಯ್ದು ಬೀದಿಗೆಸೆದ. 1858ರ ಸೆಪ್ಟೆಂಬರ್. ಎಚ್ಚರವಾದಾಗ ಅವಳು ಒಂದು ಗುಹೆಯಲ್ಲಿದ್ದಳು. ನೀಲಿ ಉಡುಪಿನ ಸಹೋದರಿಯೊಬ್ಬರು ಗಾಯಕ್ಕೆ ಹೊಲಿಗೆ ಹಾಕಿ, ಸಾರು ಕುಡಿಸುತ್ತಿದ್ದರು. ಅಂಥ ರುಚಿಯ ಸಾರನ್ನು ಮತ್ತೆಂದೂ ಕುಡಿಯಲಿಲ್ಲವೆಂದು ಮರಿಯಂ ಮುಂದೆ ನೆನೆಯುತ್ತಿದ್ದರು. ಬಂದವರು ದೇವಮಾತೆಯೇ ಎಂಬುದು ಅವರ ನಂಬಿಕೆ.

ಗೆಳತಿಯರೆಲ್ಲ ಗಾಯದ ವಿಷಯವನ್ನೇ ಪಿಸುಗುಟ್ಟುತ್ತಿದ್ದರು. ನನಗೆ ಅಂಟಿಕೊಂಡದ್ದು ಸಾರು. ಜ್ವರ ಬಂದಾಗ ಅಮ್ಮ ಕುಡಿಸುತ್ತಿದ್ದ ಗಂಜಿತಿಳಿ, ಅದರಲ್ಲಿ ಕದಡಿದ ನಾಲ್ಕು ಹರಳು ಉಪ್ಪು. "ಸಿಸ್ಟರ್, ಬಂದವರು ಅವಳ ಅಮ್ಮನೇ ಇರಬಹುದಲ್ಲವೇ?" ಎಂದು ಕೇಳಿಬಿಟ್ಟೆ. ಯಾರೋ ನಕ್ಕರು. ಸಿಸ್ಟರ್ ನಗಲಿಲ್ಲ. "ತಾಯಿಯೇ ಮಗಳೇ" ಎಂದರು. ಯಾವ ತಾಯಿ ಎಂದು ನಾನು ಕೇಳಲಿಲ್ಲ, ಅವರೂ ಬಿಡಿಸಿ ಹೇಳಲಿಲ್ಲ.

ಇನ್ನೊಂದು ಸಂಗತಿಗಾಗಿ ಆ ಸಿಸ್ಟರನ್ನು ನಾನು ಇಂದಿಗೂ ಗೌರವಿಸುತ್ತೇನೆ. ಮನೆಗೆಲಸ ಮಾಡುತ್ತಾ ಫ್ರಾನ್ಸಿನ ಮಾರ್ಸೇಲಿನವರೆಗೆ ಬಂದು, 1867ರಲ್ಲಿ ಅಲ್ಲಿನ ಪೋ ನಗರದ ಕಾರ್ಮೆಲ್ ಮಠ (ಪ್ರಾರ್ಥನೆಗೆ ಮೀಸಲಾದ ಕ್ರೈಸ್ತ ಸನ್ಯಾಸಿನಿಯರ ಮಠ) ಸೇರಿದ ಮರಿಯಂ, 1870ರಲ್ಲಿ ಭಾರತದ ಮೊದಲ ಕಾರ್ಮೆಲ್ ಮಠವನ್ನು ಕಟ್ಟಲು ಮಂಗಳೂರಿಗೆ ಹೊರಟವರ ಜೊತೆ ಬಂದರು. ದಾರಿಯಲ್ಲೇ ಮೂವರು ಸಹೋದರಿಯರು ತೀರಿಕೊಂಡರು. 1871ರ ನವೆಂಬರ್ 21ರಂದು ಮರಿಯಂ ಸನ್ಯಾಸ ವ್ರತ ಸ್ವೀಕರಿಸಿದ್ದು ಇದೇ ಊರಿನಲ್ಲಿ. ಅವರ ದರ್ಶನಗಳನ್ನೂ ಶಿಲುಬೆಯ ಮೇಲಿನ ಯೇಸುವಿನ ಗಾಯಗಳಂತೆ ಮೈಮೇಲೆ ಮೂಡುತ್ತಿದ್ದ ಪಂಚಗಾಯಗಳನ್ನೂ ಇಲ್ಲಿನ ಹಿರಿಯರು ಕೊನೆಗೆ ನಂಬಲಿಲ್ಲ. 1872ರಲ್ಲಿ ಅವರನ್ನು ಪೋಗೆ ಹಿಂದಕ್ಕೆ ಕಳಿಸಿದರು. ಇದನ್ನು ಮರೆಮಾಚಿ ಬರೀ ಮಹಿಮೆ ಹೇಳುವುದು ಸುಲಭವಿತ್ತು. ಸಿಸ್ಟರ್ ಹಾಗೆ ಮಾಡಲಿಲ್ಲ. "ನಮ್ಮ ಊರು ಅವರನ್ನು ನೋಯಿಸಿತು" ಎಂದು ನೇರವಾಗಿ ಹೇಳಿದರು. ತನ್ನನ್ನು 'ಪುಟ್ಟ ಶೂನ್ಯ' ಎಂದು ಕರೆದುಕೊಳ್ಳುತ್ತಿದ್ದ, ಓದುಬರಹ ಹೆಚ್ಚು ತಿಳಿಯದ ಆ ಸಹೋದರಿ ಹಿಂದಿರುಗಿ ಮತ್ತೆ ಮಠದ ಕೆಲಸಕ್ಕೆ ನಿಂತರು. ದರ್ಶನಗಳಿಗಿಂತ ಇದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಶಾಲೆ ಬಿಟ್ಟ ಮೇಲೆ ನಾನು ನರ್ಸಿಂಗ್ ಕಲಿತೆ. ಮಾರ್ಸೇಲಿನ ವೈದ್ಯರೊಬ್ಬರು ಮರಿಯಂ ಕುತ್ತಿಗೆಯಲ್ಲಿ ಹತ್ತು ಸೆಂಟಿಮೀಟರ್ ಉದ್ದದ ಕಲೆಯನ್ನೂ, ಶ್ವಾಸನಾಳದ ಕೆಲವು ಉಂಗುರಗಳೇ ಇಲ್ಲದಿರುವುದನ್ನೂ ಕಂಡಿದ್ದರೆಂದು ಓದಿದಾಗ, ಅವರ ದನಿ ಕೊನೆಯವರೆಗೂ ಗೊಗ್ಗರಾಗಿಯೇ ಇದ್ದದ್ದೇಕೆಂದು ತಿಳಿಯಿತು. ಅವರ ಸಾವೂ ನನಗೆ ವಾರ್ಡಿನಲ್ಲಿ ಕಂಡಷ್ಟು ಸ್ಪಷ್ಟ. 1875ರಲ್ಲಿ ಬೆತ್ಲೆಹೇಮಿಗೆ ಹೋಗಿ ಅಲ್ಲಿ ಕಾರ್ಮೆಲ್ ಮಠ ಕಟ್ಟಿಸುವಾಗ, ಅರಬ್ಬಿ ಬಲ್ಲವರು ಅವರೇ ಆದ್ದರಿಂದ ಕೆಲಸಗಾರರ ಉಸ್ತುವಾರಿ ಅವರದಾಗಿತ್ತು. 1878ರ ಆಗಸ್ಟ್ ಬಿಸಿಲಿನಲ್ಲಿ ಆ ಕೆಲಸಗಾರರಿಗೆ ಕುಡಿಯಲು ನೀರು ಒಯ್ಯುವಾಗ ಬಿದ್ದು ತೋಳು ಮುರಿಯಿತು. ಗ್ಯಾಂಗ್ರೀನ್ ಆಯಿತು. 26ರಂದು ತೀರಿಕೊಂಡರು, ವಯಸ್ಸು 32.

2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದಾಗ ನಾನು ಡ್ಯೂಟಿಯಲ್ಲಿದ್ದೆ. ಹಿಂದಿನ ದಿನ ಹೊಟ್ಟೆಯ ಆಪರೇಷನ್ ಆಗಿದ್ದ ಅಜ್ಜಿಯೊಬ್ಬರಿಗೆ ಮೊದಲ ಬಾರಿ ಬಾಯಿಗೆ ಏನಾದರೂ ಕೊಡಬಹುದೆಂದು ಡಾಕ್ಟರ್ ಹೇಳಿ ಹೋಗಿದ್ದರು. ಆಯಾಳನ್ನು ಕರೆಯದೆ ನಾನೇ ಗಂಜಿತಿಳಿ ತಂದು, ಉಪ್ಪು ಕದಡಿ, ಚಮಚೆಯಲ್ಲಿ ಕುಡಿಸಿದೆ. ಅಜ್ಜಿ ಇನ್ನೊಂದು ಚಮಚೆ ಕೇಳಿದರು.