2.67 ಮಿಲಿಸೆಕೆಂಡಿನೊಳಗೆ: ಹಳೆಯ ಕಂಪ್ಯೂಟರನ್ನು ಹಾಡಿಗೆ ಹದ ಮಾಡಿದ ದಿನಚರಿ

ಜೂನ್ 14, 2025, ಶನಿವಾರ

ಅಕ್ಕ ಬೆಳಿಗ್ಗೆಯೇ ಮನೆಗೆ ಬಂದಿದ್ದಳು. ಆರು ವಚನಗಳಿಗೆ ರಾಗ ಕೂಡಿಸಿ, ತಂಬೂರಿ, ತಬಲಾ, ಕೊಳಲಿನ ಜೊತೆ ಪಿಟೀಲುಗಳ ದೊಡ್ಡ ಮೇಳವನ್ನೂ ಸೇರಿಸಿ ಮನೆಯಲ್ಲೇ ಒಂದು ಆಲ್ಬಮ್ ಮಾಡಬೇಕು ಅನ್ನೋದು ನಮ್ಮಿಬ್ಬರ ಎರಡು ವರ್ಷದ ಆಸೆ. ಮೊದಲ ವಚನದ ಹಿನ್ನೆಲೆ ಸಂಗೀತ ಸಿದ್ಧವಾಗಿದೆ. ಇನ್ನು ಧ್ವನಿ ಸೇರಿದರೆ ಆಯ್ತು. ಅವಳು ಹೆಡ್‌ಫೋನ್ ಹಾಕಿಕೊಂಡು ಮೊದಲ ಸಾಲು ಎತ್ತಿದಳು. ಎರಡನೇ ಸಾಲಿಗೇ ನಿಲ್ಲಿಸಿದಳು.

"ಏನೋ ಇದು, ನಾನು ಹಾಡಿದ್ದು ನನಗೇ ಆಮೇಲೆ ಕೇಳಿಸ್ತಿದೆ. ಹೀಗಾದ್ರೆ ತಾಳ ತಪ್ಪುತ್ತೆ ಕಣೋ."

ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಎತ್ತಿಕೊಳ್ಳುವ ಧ್ವನಿಯ ತುಂಡಿನ ಗಾತ್ರ, 512ರಲ್ಲಿತ್ತು. 128ಕ್ಕೆ ಇಳಿಸಿದೆ. ಈಗ ಪಟಪಟ ಸದ್ದು ಶುರುವಾಯಿತು, ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ. ಮೈಕನ್ನು ಕಂಪ್ಯೂಟರಿಗೆ ಸೇರಿಸುವ ಇಂಟರ್‌ಫೇಸಿನಲ್ಲಿರುವ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿದರೆ ಧ್ವನಿ ಕಂಪ್ಯೂಟರಿಗೆ ಸುತ್ತಿ ಬರದೆ ನೇರ ಹೆಡ್‌ಫೋನಿಗೆ ಬಂದು ತಡ ಏನೋ ಹೋಗುತ್ತದೆ, ಆದರೆ ಧ್ವನಿ ಒಣಕಲಾಗಿ ಕೇಳುತ್ತದೆ. ಸ್ವಲ್ಪ ರಿವರ್ಬ್ (ದೊಡ್ಡ ಕೋಣೆಯಲ್ಲಿ ಹಾಡಿದಂಥ ಗುಂಗು) ಇಲ್ಲದೆ ಅಕ್ಕನಿಗೆ ಆಲಾಪ ಬರುವುದೇ ಇಲ್ಲ. ಅವಳು ಕೇಳುವುದು ನ್ಯಾಯವೇ. ತನ್ನ ಧ್ವನಿ ಕಿವಿಗೆ ಹಿತವಾಗಿದ್ದರೆ ತಾನೇ ಹಾಡು ಅರಳುವುದು?

ನನ್ನ ಕಂಪ್ಯೂಟರ್ 2018ರ ಕೊನೆಯಲ್ಲಿ ನಾನೇ ಜೋಡಿಸಿದ್ದು. ರೈಜನ್ 5 1600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ಡಿಡಿಆರ್4 ರ‍್ಯಾಮ್, ವಿಂಡೋಸ್‌ಗೆ 240 ಜಿಬಿ ಎಸ್‌ಎಸ್‌ಡಿ, ವಾದ್ಯಗಳ ಸ್ಯಾಂಪಲ್‌ಗಳಿಗೆ (ಮೊದಲೇ ರೆಕಾರ್ಡ್ ಮಾಡಿಟ್ಟ ಸ್ವರಗಳು) 2 ಟಿಬಿ ಹಾರ್ಡ್ ಡಿಸ್ಕ್. ಕೆಲಸ ಮಾಡುವುದು ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ. ವಾದ್ಯಗಳೆಲ್ಲ ಬಹುಪಾಲು ಕಾಂಟ್ಯಾಕ್ಟ್ ಅನ್ನುವ, ಈ ಸ್ಯಾಂಪಲ್‌ಗಳನ್ನು ನುಡಿಸುವ ಸಾಫ್ಟ್‌ವೇರ್‌ನಲ್ಲಿವೆ. ಖರ್ಚಿಗೆ ನಲವತ್ತು ಸಾವಿರ ಎತ್ತಿಟ್ಟಿದ್ದೇನೆ. ಹೊಸ ಕಂಪ್ಯೂಟರಿಗೆ ಅದು ಸಾಲದು. ಇರುವುದನ್ನೇ ಹದ ಮಾಡಬೇಕು.

ಜೂನ್ 15, ಭಾನುವಾರ

ದುಡ್ಡು ಬಿಚ್ಚುವ ಮೊದಲು ಕಾಯಿಲೆ ಯಾವುದು ಅಂತ ತಿಳಿಯೋಣ ಅಂದುಕೊಂಡು ಇಡೀ ದಿನ ಅಳೆಯುತ್ತಾ ಕೂತೆ.

ಲೆಕ್ಕ ಸರಳ. ನಾನು ಸೆಕೆಂಡಿಗೆ 48,000 ಸ್ಯಾಂಪಲ್‌ಗಳಲ್ಲಿ, ಅಂದರೆ ಧ್ವನಿಯನ್ನು ಸೆಕೆಂಡಿಗೆ ಅಷ್ಟು ಸಲ ಅಳೆದು, ರೆಕಾರ್ಡ್ ಮಾಡುತ್ತೇನೆ. 512 ಸ್ಯಾಂಪಲ್‌ಗಳ ಬಫರ್ ಅಂದರೆ 10.67 ಮಿಲಿಸೆಕೆಂಡ್. ಧ್ವನಿ ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ, ಮೇಲೆ ಇಂಟರ್‌ಫೇಸಿನದ್ದು ಒಂದಿಷ್ಟು. ಒಟ್ಟು 25ರ ಆಸುಪಾಸು. 128 ಆದರೆ ಒಂದು ಬಫರ್ 2.67 ಮಿಲಿಸೆಕೆಂಡ್ ಮಾತ್ರ. ಅಷ್ಟರೊಳಗೆ ಕಂಪ್ಯೂಟರ್ ಆ ತುಂಡಿಗೆ ಬೇಕಾದ ಎಲ್ಲ ಲೆಕ್ಕ ಮುಗಿಸಿ ಕೊಡಲೇಬೇಕು. ಒಂದೇ ಒಂದು ಸಲ ತಡವಾದರೂ ಕಿವಿಗೆ ಪಟ್ ಅಂತ ಕೇಳುತ್ತದೆ. ವಿಡಿಯೋ ಎಕ್ಸ್‌ಪೋರ್ಟ್ ಮಾಡುವಾಗ ಸ್ವಲ್ಪ ತಡವಾದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಹಾಗಲ್ಲ. ಸರಾಸರಿ ವೇಗ ಎಷ್ಟಿದ್ದರೂ ಸಾಲದು, ಪ್ರತಿ ಸಲವೂ ಹೊತ್ತಿಗೆ ಸರಿಯಾಗಿ ಮುಗಿಯಬೇಕು.

ಆದರೆ ಅಕ್ಕ ದೂರಿದ ತಡ 25 ಮಿಲಿಸೆಕೆಂಡಿನದ್ದಲ್ಲ ಅನ್ನಿಸಿತು. ಅದಕ್ಕಿಂತ ಜಾಸ್ತಿ ಇತ್ತು. ಮಧ್ಯಾಹ್ನದ ಹೊತ್ತಿಗೆ ಕಾರಣ ಸಿಕ್ಕಿತು. ಎಲ್ಲ ಧ್ವನಿಗಳೂ ಕೂಡಿ ಹೊರಹೋಗುವ ಮಾಸ್ಟರ್ ಟ್ರ್ಯಾಕಿನಲ್ಲಿ ಒಂದು ಲೀನಿಯರ್ ಫೇಸ್ ಈಕ್ವಲೈಜರ್ (ಧ್ವನಿಯ ಮಂದ್ರ, ತಾರ ಭಾಗಗಳನ್ನು ಹೊಂದಿಸುವುದು), ಅದರ ಮುಂದೆ ಒಂದು ಲಿಮಿಟರ್ (ಸದ್ದು ಮಿತಿ ಮೀರದಂತೆ ತಡೆಯುವುದು) ಕೂತಿದ್ದವು. ಇವೆರಡೂ ಮುಂದೆ ಬರುವ ಧ್ವನಿಯನ್ನು ನೋಡಿ ಆಮೇಲೆ ಕೆಲಸ ಮಾಡುವಂಥವು, ಹಾಗಾಗಿ ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತವೆ. ರೀಪರ್ ತೋರಿಸಿದ್ದು 3,072 ಸ್ಯಾಂಪಲ್. ಅಂದರೆ 64 ಮಿಲಿಸೆಕೆಂಡ್! ಬಫರ್‌ನ ತಡದ ಮೇಲೆ ಇದೂ ಸೇರಿ 90ರ ಹತ್ತಿರ. ಎರಡನ್ನೂ ಆಫ್ ಮಾಡಿದೆ. ಮಿಕ್ಸ್ ಮಾಡುವಾಗ ಹಾಕಿಕೊಂಡರೆ ಸಾಕು, ರೆಕಾರ್ಡಿಂಗ್‌ಗೆ ಅವು ಬೇಡವೇ ಬೇಡ. ಒಂದು ಪೈಸೆ ಖರ್ಚಿಲ್ಲದೆ ಮುಕ್ಕಾಲು ಪಾಲು ತಡ ಹೋಯಿತು.

128ರಲ್ಲಿ ಪಟಪಟ ಮಾತ್ರ ಹಾಗೇ ಇದೆ.

ಜೂನ್ 17, ಮಂಗಳವಾರ ರಾತ್ರಿ

ರೀಪರ್‌ನ ಪರ್ಫಾರ್ಮೆನ್ಸ್ ಮೀಟರ್ ತೆರೆದು ಕೂತಿದ್ದೇನೆ. ಇದು ನನ್ನ ಕಣ್ಣು ತೆರೆಸಿತು. ಒಟ್ಟು ಸಿಪಿಯು ಬಳಕೆ 38% ಅಷ್ಟೇ. ಟಾಸ್ಕ್ ಮ್ಯಾನೇಜರ್ ನೋಡಿದವರು ಪ್ರೊಸೆಸರ್ ಆರಾಮಾಗಿದೆ ಅನ್ನುತ್ತಾರೆ. ಆದರೆ ಕೆಳಗೆ ಇನ್ನೊಂದು ಸಾಲಿದೆ: ಒಂದು ಬಫರಿಗೆ ಅತಿ ಹೆಚ್ಚು ಹಿಡಿದ ಸಮಯ. ಅಲ್ಲಿ 3.4 ಮಿಲಿಸೆಕೆಂಡ್. ಇರುವ ಗಡುವು 2.67. ಹೇಗೆ ಸಾಧ್ಯ?

ಸುಮ್ನೆ ಪ್ಲೇ ಮಾಡುವಾಗ ರೀಪರ್ ಟ್ರ್ಯಾಕ್‌ಗಳ ಲೆಕ್ಕವನ್ನು ಮುಂಚಿತವಾಗಿಯೇ ಮಾಡಿಟ್ಟುಕೊಳ್ಳುತ್ತದೆ, ಮೊದಲೇ ಇಟ್ಟಿರುವ ಸೆಟ್ಟಿಂಗ್ ಪ್ರಕಾರ 200 ಮಿಲಿಸೆಕೆಂಡ್ ಮುಂದೆ. ಹಬ್ಬದ ಹಿಂದಿನ ದಿನವೇ ಕಾಯಿ ತುರಿದಿಟ್ಟುಕೊಂಡ ಹಾಗೆ. ಅಕ್ಕನ ಧ್ವನಿ ಮಾತ್ರ ಈಗ ಬರುತ್ತಿರುವುದು, ಅದನ್ನು ಮೊದಲೇ ಲೆಕ್ಕ ಹಾಕೋಕೆ ಆಗುವುದಿಲ್ಲ. ಅವಳ ಟ್ರ್ಯಾಕ್, ಅದರ ಮೇಲಿನ ಕಂಪ್ರೆಸರ್ (ಸದ್ದಿನ ಏರಿಳಿತ ತಗ್ಗಿಸುವುದು), ರಿವರ್ಬ್, ಕೊನೆಗೆ ಮಾಸ್ಟರ್, ಇಡೀ ಸರಪಳಿ ಅಲ್ಲಲ್ಲೇ ನಡೆಯಬೇಕು. ಒಂದಾದ ಮೇಲೆ ಒಂದು ನಡೆಯುವ ಸರಪಳಿಯನ್ನು ಆರು ಕೋರ್‌ಗಳಿಗೆ ಹಂಚೋಕೂ ಆಗುವುದಿಲ್ಲ. ಉಳಿದ ಕೋರ್‌ಗಳು ಕೈಕಟ್ಟಿ ನಿಂತಿದ್ದರೂ ಒಂದು ಕೋರ್ ಮಾತ್ರ ಬೆವರುತ್ತದೆ. ಹಾಗಾಗಿ ಈ ಕೆಲಸಕ್ಕೆ ಕೋರ್‌ಗಳ ಸಂಖ್ಯೆಗಿಂತ ಒಂದೊಂದು ಕೋರಿನ ವೇಗ ಮುಖ್ಯ.

ಇನ್ನೊಂದು ವಿಷಯವೂ ಗಮನಕ್ಕೆ ಬಂತು. ಯಾವ ಲೋಡೂ ಇಲ್ಲದಾಗಲೂ ಹತ್ತು ಹದಿನೈದು ಸೆಕೆಂಡಿಗೊಮ್ಮೆ ಒಂದು ಪಟ್. ಲೇಟೆನ್ಸಿಮಾನ್ ಅನ್ನುವ ಉಚಿತ ಸಾಧನ ಹಾಕಿ ಅರ್ಧ ಗಂಟೆ ಓಡಿಸಿದೆ. ನೆಟ್‌ವರ್ಕ್ ಡ್ರೈವರ್ ಆಗಾಗ ಪ್ರೊಸೆಸರನ್ನು ಹಿಡಿದಿಟ್ಟುಕೊಳ್ಳುತ್ತಿರುವುದು ಕಂಡಿತು. ವೈಫೈ ಕಾರ್ಡ್ ಬಿಚ್ಚಿ, ರೌಟರಿನಿಂದ ಲ್ಯಾನ್ ಕೇಬಲ್ ಎಳೆದೆ. ಬಾಗಿಲ ಸಂದಿಯಲ್ಲಿ ಕೇಬಲ್ ಸಿಕ್ಕಿಸೋಕೆ ಒಂದು ಗಂಟೆ ಬೇಕಾಯಿತು. ಆ ಒಂಟಿ ಪಟ್ ಪೂರ್ತಿ ಹೋಯಿತು. ಇದೇ ನೋಡಿ ಬೇಕಾದದ್ದು. ಇದನ್ನು ಪತ್ತೆ ಮಾಡದೆ ಹೊಸ ಪ್ರೊಸೆಸರ್ ಹಾಕಿದ್ದರೆ ಆ ಸದ್ದು ಹಾಗೇ ಉಳಿದಿರುತ್ತಿತ್ತು.

ಜೂನ್ 21, ಶನಿವಾರ

ತುಮಕೂರಿನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ. ಮೆಜೆಸ್ಟಿಕ್‌ನಿಂದ ಮೆಟ್ರೋದಲ್ಲಿ ಚಿಕ್ಕಪೇಟೆ, ಅಲ್ಲಿಂದ ನಡೆದು ಎಸ್.ಪಿ. ರಸ್ತೆ. ಆನ್‌ಲೈನ್‌ನಲ್ಲೂ ತರಿಸಬಹುದು. ಆದರೆ ನಾಲ್ಕು ಅಂಗಡಿ ಸುತ್ತಿ, ಕೈಯಲ್ಲಿ ಹಿಡಿದು ನೋಡಿ, ಜಿಎಸ್‌ಟಿ ಬಿಲ್ ಸಮೇತ ತರುವುದು ನನಗೆ ಸಮಾಧಾನ.

ರ‍್ಯಾಮ್‌ಗೆ ನಾಲ್ಕು ಸ್ಲಾಟ್ ಇದೆ, 16 ಜಿಬಿಯ ನಾಲ್ಕು ಕೊಡಿ ಅಂದೆ. ಅಂಗಡಿಯವರು ತಲೆ ಅಲ್ಲಾಡಿಸಿದರು. "ಸರ್, ನಾಲ್ಕೂ ಸ್ಲಾಟ್ ತುಂಬಿಸಿದ್ರೆ ಸ್ಪೀಡ್ ಬೀಳುತ್ತೆ. 32ರದ್ದು ಎರಡು ತಗೊಳ್ಳಿ, 3200ಕ್ಕೆ ಆರಾಮಾಗಿ ಓಡುತ್ತೆ." ಸರಿಯಾದ ಮಾತು. ರೈಜನ್‌ನಲ್ಲಿ ಕಡ್ಡಿಗಳು ಜಾಸ್ತಿ ಆದಷ್ಟೂ ಮೆಮೊರಿ ಕಂಟ್ರೋಲರ್ ಮೇಲೆ ಭಾರ. 32ರ ಎರಡು ತಗೊಂಡೆ.

ಎಸ್‌ಎಸ್‌ಡಿ ವಿಷಯದಲ್ಲಿ ಅಲ್ಲೇ ನಿಂತು ಲೆಕ್ಕ ಹಾಕಿದೆ. 24 ಬಿಟ್, ಸ್ಟೀರಿಯೋ, 48,000. ಒಂದು ಸ್ವರ ನುಡಿಯೋಕೆ ಸೆಕೆಂಡಿಗೆ 288 ಕೆಬಿ ಬೇಕು. ಒಟ್ಟಿಗೆ 200 ಸ್ವರ ನುಡಿದರೂ 58 ಎಂಬಿ ದಾಟುವುದಿಲ್ಲ. ನನ್ನ ಬೋರ್ಡಿನಲ್ಲಿ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಪಿಸಿಐಇ 3.0, ಅದೇ ಸೆಕೆಂಡಿಗೆ ಸುಮಾರು 3,500 ಎಂಬಿ ಕೊಡುತ್ತದೆ. ಹಾಗಾದರೆ ಸೆಕೆಂಡಿಗೆ 7,000 ಎಂಬಿಯ ದುಬಾರಿ ಎಸ್‌ಎಸ್‌ಡಿ ಯಾಕೆ? ಹಾರ್ಡ್ ಡಿಸ್ಕ್ ಸೋಲುವುದು ಈ ಎಂಬಿಗಳ ಲೆಕ್ಕದಲ್ಲಲ್ಲ. 200 ಬೇರೆ ಬೇರೆ ಜಾಗಕ್ಕೆ ಅದರ ಮುಳ್ಳು ಓಡಾಡಬೇಕಲ್ಲ, ಅಲ್ಲಿ. ಎಸ್‌ಎಸ್‌ಡಿಗೆ ಮುಳ್ಳೇ ಇಲ್ಲ. ವೇಗದ ಆಸೆ ಬಿಟ್ಟು ಜಾಗ ಜಾಸ್ತಿ ಇರುವ 2 ಟಿಬಿಯ ಸಾಧಾರಣ ಎನ್‌ವಿಎಂಇ ಎಸ್‌ಎಸ್‌ಡಿ ತಗೊಂಡೆ.

ಜೂನ್ 22, ಭಾನುವಾರ

ಜೋಡಿಸಿದ್ದು ಇಪ್ಪತ್ತು ನಿಮಿಷ. ಸ್ಯಾಂಪಲ್‌ಗಳನ್ನು ಕಾಪಿ ಮಾಡೋಕೆ ನಾಲ್ಕು ಗಂಟೆ.

ಮೊದಲು ಈ ವಚನದ ಪ್ರಾಜೆಕ್ಟ್ ತೆರೆಯೋಕೆ ಹನ್ನೊಂದು ನಿಮಿಷ ಬೇಕಿತ್ತು. ನಾನು ಕಾಫಿ ಕಾಸಿ, ಕುಡಿದು, ಲೋಟ ತೊಳೆದು ಬರುತ್ತಿದ್ದೆ. ಈಗ ಐವತ್ತು ಸೆಕೆಂಡ್. 16 ಜಿಬಿ ತುಂಬಿ ವಿಂಡೋಸ್ ಡಿಸ್ಕಿನಲ್ಲಿ ಜಾಗ ಹುಡುಕುವ ಪಾಡು ಮುಗಿಯಿತು. ಪಿಟೀಲು ಮೇಳವೊಂದೇ 19 ಜಿಬಿ ತಿನ್ನುತ್ತಿತ್ತು! ಕಾಂಟ್ಯಾಕ್ಟ್ ಪ್ರತಿಯೊಂದು ಸ್ಯಾಂಪಲ್‌ನ ಆರಂಭದ ತುಣುಕನ್ನು ರ‍್ಯಾಮ್‌ನಲ್ಲಿ ಇಟ್ಟುಕೊಂಡಿರುತ್ತದೆ. ಕೀಲಿ ಒತ್ತಿದ ತಕ್ಷಣ ಅದನ್ನು ನುಡಿಸುತ್ತಾ, ಅಷ್ಟರಲ್ಲಿ ಉಳಿದದ್ದನ್ನು ಡಿಸ್ಕಿನಿಂದ ತರುತ್ತದೆ. ನನ್ನಲ್ಲಿ ಆ ತುಣುಕು 60 ಕೆಬಿ ಇತ್ತು, ಅಂದರೆ ಕಾಲು ಸೆಕೆಂಡಿಗಿಂತ ಸ್ವಲ್ಪ ಕಡಿಮೆ. ಹಾರ್ಡ್ ಡಿಸ್ಕ್ ಕಾಲಕ್ಕೆ ಅಷ್ಟು ಬೇಕೇ ಬೇಕಿತ್ತು. ಈಗ 18ಕ್ಕೆ ಇಳಿಸಿದೆ. ಮೇಳ ಏಳು ಜಿಬಿಯೊಳಗೆ ಕೂತಿತು, ಒಂದು ಸ್ವರವೂ ತಪ್ಪಲಿಲ್ಲ. ಸಂಜೆ ಇಡೀ ವಚನವನ್ನು ಕಣ್ಣುಮುಚ್ಚಿ ಮೂರು ಸಲ ಕೇಳಿದೆ.

ರ‍್ಯಾಮ್ ಸದ್ಯಕ್ಕೆ 2666ರಲ್ಲಿದೆ. 3200 ಇಟ್ಟರೆ ಹಳೆಯ ಪ್ರೊಸೆಸರ್ ಒಪ್ಪುತ್ತಿಲ್ಲ. 128ರ ಗಡುವು ಇನ್ನೂ ಮೀರುತ್ತಿದೆ, ಅದೇ 3.4. ನಿರೀಕ್ಷೆ ಮಾಡಿದ್ದೇ. ಅದು ರ‍್ಯಾಮ್‌ನ ಕಾಯಿಲೆ ಆಗಿರಲಿಲ್ಲ.

ಜುಲೈ 5, ಶನಿವಾರ

ರೈಜನ್ 7 5700ಎಕ್ಸ್ ಬಂತು. ಎಂಟು ಕೋರ್, 4.6 ಗಿಗಾಹರ್ಟ್ಸ್‌ವರೆಗೆ ಏರುತ್ತದೆ, ಹಳೆಯದರಂತೆಯೇ 65 ವ್ಯಾಟ್. ನನ್ನದು 3.6ಕ್ಕೇ ನಿಲ್ಲುತ್ತಿತ್ತು. 2018ರ ಬೋರ್ಡಿಗೆ 2022ರ ಪ್ರೊಸೆಸರ್ ಕೂರುತ್ತದೆ ಅನ್ನೋದು ಎಎಂ4 ಸಾಕೆಟ್‌ನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ದೊಡ್ಡ ಉಪಕಾರ. ಬೋರ್ಡ್, ರ‍್ಯಾಮ್ ಎಲ್ಲ ಬದಲಿಸಬೇಕಾಗಿದ್ದರೆ ಈ ಕೆಲಸ ಇಲ್ಲಿಗೇ ನಿಲ್ಲುತ್ತಿತ್ತು.

ಮೊದಲು ಬಯಾಸ್ (ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್, ಅದೂ ಹಳೆಯ ಪ್ರೊಸೆಸರ್ ಇರುವಾಗಲೇ. ಮಳೆಗಾಲ, ಕರೆಂಟಿನ ಭರವಸೆ ಇಲ್ಲ. ಯುಪಿಎಸ್ ಪೂರ್ತಿ ಚಾರ್ಜ್ ಆಗುವವರೆಗೆ ಕಾದು, ಕಂಪ್ಯೂಟರ್, ಮಾನಿಟರ್ ಬಿಟ್ಟು ಉಳಿದೆಲ್ಲವನ್ನೂ ಅದರಿಂದ ಕಿತ್ತು, ಆಮೇಲೆ ಶುರು ಮಾಡಿದೆ. ಆ ನಾಲ್ಕು ನಿಮಿಷ ನಾನು ಕುರ್ಚಿಯಿಂದ ಅಲ್ಲಾಡಲಿಲ್ಲ.

ಮುಂದೆ ಹಳೆಯ ಕೂಲರ್ ತೆಗೆಯುವುದು. ಆರೂವರೆ ವರ್ಷದ ಥರ್ಮಲ್ ಪೇಸ್ಟ್ ಅಂಟಿನಂತಾಗಿತ್ತು. ಹದಿನೈದು ನಿಮಿಷ ಕಂಪ್ಯೂಟರ್ ಓಡಿಸಿ ಬಿಸಿ ಮಾಡಿ, ನಾಲ್ಕು ಸ್ಕ್ರೂ ಸಡಿಲಿಸಿ, ಕೂಲರನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ತಿರುಗಿಸಿದೆ. ಸಡಿಲವಾಯಿತು ಅಂದುಕೊಂಡು ಎತ್ತಿದೆ. ಚಟ್ ಅಂತ ಪ್ರೊಸೆಸರೂ ಜೊತೆಗೇ ಮೇಲೆ ಬಂತು, ಲಾಕ್ ಹಾಕಿದ ಸಾಕೆಟ್‌ನಿಂದಲೇ! ಎದೆ ಝಲ್ಲೆಂದಿತು. ಟಾರ್ಚ್ ಹಿಡಿದು ಸಾಕೆಟ್ ನೋಡಿದೆ, ಅದಕ್ಕೇನೂ ಆಗಿರಲಿಲ್ಲ. ಪ್ರೊಸೆಸರಿನ 1,331 ಪಿನ್‌ಗಳಲ್ಲಿ ಮೂಲೆಯ ಮೂರು ಬಾಗಿದ್ದವು. ಅಕ್ಕನ ಮಗಳ ಪೆನ್ ಪೆನ್ಸಿಲ್ ತಗೊಂಡು, ಕಡ್ಡಿ ತೆಗೆದು, ಅದರ ತುದಿಯ ತೂತಿಗೆ ಒಂದೊಂದು ಪಿನ್ ಸೇರಿಸಿ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ನೆಟ್ಟಗೆ ಮಾಡಿದೆ. ಮುಕ್ಕಾಲು ಗಂಟೆ. ಈ ಪ್ರೊಸೆಸರ್ ಮುಂದೆ ಅವಳ ಓದಿನ ಕಂಪ್ಯೂಟರಿಗೆ ಹೋಗಲಿದೆ, ಅದಕ್ಕೇ ಇಷ್ಟು ಜೋಪಾನ.

5700ಎಕ್ಸ್ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ. ಹಳೆಯದೇ ಸಾಕಾಗುತ್ತಿತ್ತು. ಆದರೆ ಮೈಕ್ ಇರುವುದೂ ಇದೇ ಕೋಣೆಯಲ್ಲಿ. ಫ್ಯಾನ್ ಗುಂಯ್ ಅಂದರೆ ಅಕ್ಕ ಉಸಿರು ತಗೊಳ್ಳುವ ಜಾಗದಲ್ಲೆಲ್ಲ ಅದು ಕೇಳುತ್ತದೆ. ದೊಡ್ಡ ಫ್ಯಾನಿನ ಟವರ್ ಕೂಲರ್ ಹಾಕಿದೆ, ಬಯಾಸ್‌ನಲ್ಲಿ ಫ್ಯಾನ್ ವೇಗ ತಗ್ಗಿಸಿದೆ.

ಆನ್ ಮಾಡಿದಾಗ ಒಂದು ನಿಮಿಷ ಪರದೆ ಕಪ್ಪಗೆ. ಆಮೇಲೆ ಹೊಸ ಸಿಪಿಯು ಬಂದಿದೆ, ಟಿಪಿಎಂ (ಭದ್ರತೆಯ ಕೀಲಿಗಳನ್ನು ಇಡುವ ಭಾಗ) ರೀಸೆಟ್ ಮಾಡಲೇ ಅಂತ ಕೇಳಿತು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಬಳಸುತ್ತಿಲ್ಲವಾದ್ದರಿಂದ ಧೈರ್ಯವಾಗಿ ವೈ ಒತ್ತಿದೆ. ಬಳಸುವವರು ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಬೇಕು. ಮೆಮೊರಿಯನ್ನು ಅದರ ಪೂರ್ತಿ ವೇಗಕ್ಕೆ ಓಡಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಆನ್ ಮಾಡಿದೆ, ರ‍್ಯಾಮ್ 3200ಕ್ಕೆ ಹೋಯಿತು. ರಾತ್ರಿಯಿಡೀ ಮೆಮೊರಿ ಟೆಸ್ಟ್ ಓಡಲಿ ಅಂತ ಬಿಟ್ಟು ಮಲಗುತ್ತಿದ್ದೇನೆ.

ಜುಲೈ 6, ಭಾನುವಾರ

ಮೆಮೊರಿ ಟೆಸ್ಟ್‌ನಲ್ಲಿ ತಪ್ಪು ಸೊನ್ನೆ. ಅದೇ ಪ್ರಾಜೆಕ್ಟ್, ಅದೇ 128. ಅತಿ ಹೆಚ್ಚು ಹಿಡಿದ ಸಮಯ 1.8 ಮಿಲಿಸೆಕೆಂಡ್! ಗಡುವಿನೊಳಗೆ ಇನ್ನೂ ಮೂರರಲ್ಲಿ ಒಂದು ಪಾಲು ಉಳಿದಿದೆ. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳಿಗೆ ಸಂಖ್ಯೆ ಅರ್ಥವಾಗಲಿಲ್ಲ, ನನ್ನ ಸಂತೋಷ ಅರ್ಥವಾಯಿತು.

ಜುಲೈ 12, ಶನಿವಾರ

ವಿಂಡೋಸ್ 11 ಹಾಕಿದೆ. ವಿಂಡೋಸ್ 10ರ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ. ಹಳೆಯ 1600 ಹನ್ನೊಂದು ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲೇ ಇರಲಿಲ್ಲ, 5700ಎಕ್ಸ್ ಇದೆ. ಪ್ಲಗಿನ್‌ಗಳ (ರೀಪರ್‌ಗೆ ಸೇರಿಸುವ ವಾದ್ಯ, ರಿವರ್ಬ್‌ಗಳಂಥವು) ಲೈಸೆನ್ಸ್‌ಗಳನ್ನು ಮತ್ತೆ ಹಾಕೋಕೆ ಒಂದು ಸಂಜೆ ಹೋಯಿತು. ಲೇಟೆನ್ಸಿಮಾನ್ ಮತ್ತೆ ಓಡಿಸಿದೆ, ಎಲ್ಲ ಹಸಿರು.

ಜುಲೈ 20, ಭಾನುವಾರ

ಅಕ್ಕ ಹತ್ತು ಗಂಟೆಗೆ ಬಂದಳು. ಹೊರಗೆ ಜಿಟಿಜಿಟಿ ಮಳೆ, ಕಿಟಕಿಗೆ ಕಂಬಳಿ ಕಟ್ಟಿದೆ. ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಗಂಟಲು ಸರಿಮಾಡಿಕೊಂಡಳು, "ಹ್ಞೂಂ, ಈಗ ನನ್ನ ಧ್ವನಿ ನನ್ನ ಹತ್ರಾನೇ ಇದೆ" ಅಂದಳು. ಮೊದಲ ವಚನ ಮೂರನೇ ಟೇಕ್‌ಗೆ ಮುಗಿಯಿತು. ಮುಖ್ಯವಾಗಿ ಆ ಉದ್ದನೆಯ ಆಲಾಪ, ಹೋದ ತಿಂಗಳು ಎಷ್ಟು ಸಲ ಹಾಡಿದರೂ ಒಡೆಯುತ್ತಿದ್ದದ್ದು, ಇವತ್ತು ಒಂದೇ ಉಸಿರಿಗೆ ಬಂತು. ಎರಡು ಗಂಟೆ ಹೊತ್ತು ಮೀಟರಿನ ಕಡೆ ನೋಡುವುದನ್ನೇ ಮರೆತಿದ್ದೆ. ಆಮೇಲೆ ನೋಡಿದರೆ 1.9.

ಕೊನೆಯ ಸಾಲಿನ ನಂತರದ ಮೌನದಲ್ಲಿ ಕ್ಯಾಬಿನೆಟ್ಟಿನ ಹಿಂದಿನ ಫ್ಯಾನ್ ಸಣ್ಣಗೆ ಕೇಳುತ್ತಿದೆ. ಐದು ಮೀಟರಿನ ಯುಎಸ್‌ಬಿ, ಎಚ್‌ಡಿಎಂಐ ಕೇಬಲ್ ತಂದು ಕಂಪ್ಯೂಟರನ್ನೇ ಪಕ್ಕದ ಕೋಣೆಗೆ ಸಾಗಿಸಬೇಕು. ಎರಡನೇ ವಚನಕ್ಕೆ ಅಕ್ಕ ಮುಂದಿನ ಭಾನುವಾರ ಬರುತ್ತಾಳೆ.